ದೇವನಕೊಂಡದಿಂದ ವಿಮಾನದ ಊರಿಗೆ

ನಮ್ಮ ಊರು ದೇವನಕೊಂಡ. ಕರ್ನೂಲು ಜಿಲ್ಲೆಯಲ್ಲಿದೆ. ಸರ್ಕಾರದ ಕಾಗದಪತ್ರ ಎಲ್ಲ ತೆಲುಗು, ಅಂಗಡಿಯ ವ್ಯವಹಾರ ಅರ್ಧ ತೆಲುಗು ಅರ್ಧ ಕನ್ನಡ, ಮನೆಯೊಳಗೆ ಮಾತ್ರ ಕನ್ನಡ. ಪಕ್ಕದ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಂಧ್ರ ರಾಜ್ಯವಾದಾಗ ಆ ಕಡೆ ಹೋದವು. ಗಡಿ ಸರಿಯಿತು, ಬೀಗತನ ಸರಿಯಲಿಲ್ಲ. ಇವತ್ತಿಗೂ ನಮ್ಮ ಹೆಣ್ಣುಮಕ್ಕಳನ್ನು ಬಳ್ಳಾರಿ, ರಾಯಚೂರು ಕಡೆಗೇ ಕೊಡುತ್ತೇವೆ, ಸೊಸೆಯರನ್ನು ಅಲ್ಲಿಂದಲೇ ತರುತ್ತೇವೆ.

ಈ ಸೀಮೆಯ ಜನ ಆಕಾಶ ನೋಡುವುದು ಮಳೆಗಾಗಿ, ನೆಲ ನೋಡುವುದು ವಜ್ರಕ್ಕಾಗಿ ಎಂದು ಹೊರಗಿನವರು ಚೇಷ್ಟೆ ಮಾಡುತ್ತಾರೆ. ಮಾತು ಸುಳ್ಳಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿಕೊಂಡು ವಜ್ರ ಹುಡುಕುವುದನ್ನು ನಾವೇ ಕಂಡಿದ್ದೇವೆ. ಹತ್ತಿ, ಶೇಂಗಾ, ಈಚೆಗೆ ಟೊಮೆಟೊ, ಇಷ್ಟರಲ್ಲೇ ಜೀವನ. ವಿಮಾನ ಎಂದರೆ ಮಧ್ಯಾಹ್ನದ ಹೊತ್ತು ಬಹು ಎತ್ತರದಲ್ಲಿ ಬಿಳಿ ಗೆರೆ ಎಳೆದುಕೊಂಡು ಹೋಗುವ ಒಂದು ಚುಕ್ಕೆ, ಅಷ್ಟೆ.

ಹೀಗಿರುವಾಗ ನಮ್ಮ ಮನೆಯಲ್ಲಿ ವಿಮಾನದ ಮೇಲೆ ಜಗಳವಾಗುತ್ತದೆ ಎಂದು ಯಾರು ಎಣಿಸಿದ್ದರು?

ಹಿರಿಯ ಮಗ ಐಟಿಐಯಲ್ಲಿ ಫಿಟ್ಟರ್ ಪಾಸು ಮಾಡಿದ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆಯಿಂದ ಅಪ್ರೆಂಟಿಸ್ ಕೆಲಸಕ್ಕೆ ಕರೆ ಬಂತು. ವಿಮಾನದ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ. ನಮಗೂ ನಮ್ಮ ಮನೆಯವರಿಗೂ ಸಂತೋಷವೇ ಆಯಿತು. ಬಟ್ಟೆ ಅಂಗಡಿಯ ವ್ಯಾಪಾರ ಈಗ ಮೊದಲಿನಂತಿಲ್ಲ, ಹುಡುಗ ಕೈಕಸುಬು ಹಿಡಿಯಲಿ ಎಂದುಕೊಂಡೆವು. ಆದರೆ ನಮ್ಮ ಅವ್ವ ಕಾಗದವನ್ನು ಕೈಯಲ್ಲೂ ಮುಟ್ಟಲಿಲ್ಲ.

“ಯಾವ ವಿಮಾನ ಅದು? ಮಂದಿ ಕೂಡೋದೋ, ಬಾಂಬು ಹಾಕೋದೋ?” ಎಂದು ಕೇಳಿದರು.

ಮಗ ಸುಳ್ಳು ಹೇಳುವವನಲ್ಲ. “ಎರಡೂ ಇರ್ತಾವಜ್ಜಿ” ಎಂದ.

“ನಾವು ಇರಿವೆಗೆ ಹಾದಿ ಬಿಟ್ಟು ನಡಿಯೋ ಮಂದಿ. ನೀನು ಬಾಂಬಿನ ವಿಮಾನಕ್ಕೆ ಮೊಳೆ ಬಡಿಯಾಕ ಹೋಗ್ತೀಯೇನಪ್ಪಾ?”

ಅಂದು ಸಂಜೆಯ ಊಟ ಯಾರಿಗೂ ರುಚಿಸಲಿಲ್ಲ. ಕೆಲಸಕ್ಕೆ ಸೇರಲು ಹತ್ತು ದಿನ ಮಾತ್ರ ಉಳಿದಿತ್ತು.

ಆಗ ನಮಗೆ ನೆನಪಾದದ್ದು ಅಜ್ಜ. ಅವರು ಆದವಾನಿಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಆದವಾನಿ ಮುಂಬಯಿ–ಮದರಾಸು ರೈಲು ದಾರಿಯಲ್ಲಿದೆ. ಅದೇ ಹಳಿಯ ಮೇಲೆ ರಾಯಚೂರು, ವಾಡಿ, ಗುಲ್ಬರ್ಗ ದಾಟಿದರೆ ಸೊಲ್ಲಾಪುರ. ಲೆಕ್ಕ ಚುಕ್ತಾ ಮಾಡಲು ಅಲ್ಲಿಗೆ ಹೋಗಿಬರುತ್ತಿದ್ದ ಅಜ್ಜ, “ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಅಡಿಗಲ್ಲು ಹಾಕಿದವರು ಸೊಲ್ಲಾಪುರದ ನಮ್ಮವರೇ” ಎಂದು ಹೇಳುತ್ತಿದ್ದರು. ನಾವು ಚಿಕ್ಕವರು, ಅಜ್ಜ ದೊಡ್ಡ ಮಾತು ಆಡುತ್ತಾರೆ ಎಂದು ನಗುತ್ತಿದ್ದೆವು. ಈಗ ಪುಸ್ತಕ ತೆಗೆದು ನೋಡಿದರೆ ಅಜ್ಜನ ಮಾತು ಅಕ್ಷರಶಃ ನಿಜ. “ಅವ್ವಾ, ಸೇರಿಸೋದು ಬಿಡೋದು ಆಮೇಲೆ. ಆ ಕಾರ್ಖಾನೆಯ ಊರನ್ನು ಒಮ್ಮೆ ಕಣ್ಣಿಂದ ನೋಡಿ ಬರೋಣ” ಎಂದೆವು. ಅವ್ವ ಒಪ್ಪಿದರು. ಒಪ್ಪಿದರು ಎನ್ನುವುದಕ್ಕಿಂತ, ಬೇಡ ಎನ್ನಲಿಲ್ಲ.

ಹೊರಟ ದಿನ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿದೆವು. ಬುತ್ತಿಗೆ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಕಾಯಿಸಿ ಸೋಸಿದ ನೀರು. ಪತ್ತಿಕೊಂಡ, ಮದ್ದಿಕೆರೆ ದಾಟಿ ಬಸ್ಸು ಗುಂತಕಲ್ಲು ಮುಟ್ಟಿತು. ಗುಂತಕಲ್ಲಿಗೆ ಬಂದಾಗಲೆಲ್ಲ ಅವ್ವ ಕೊನಕೊಂಡ್ಲದ ದಿಕ್ಕಿಗೆ ಕೈ ಮುಗಿಯುತ್ತಾರೆ. ಆಚಾರ್ಯ ಕುಂದಕುಂದರ ಹೆಸರಿನೊಂದಿಗೆ ಸೇರಿಕೊಂಡ ಊರು, ಅಲ್ಲಿಂದ ಹತ್ತಿರವೇ. ನೋಡದವರು ಒಮ್ಮೆ ನೋಡಬೇಕು. ಅದರ ಮಾತು ಬೇರೆ ಸಲ ಬರೆಯುತ್ತೇವೆ.

ರಾತ್ರಿಯ ರೈಲಿನಲ್ಲಿ ಮಗ ತನ್ನ ಮೊಬೈಲಿನಲ್ಲಿ ಓದಿಕೊಂಡಿದ್ದ ಒಂದು ಕಥೆ ಹೇಳಿದ. ಫ್ರಾನ್ಸಿನ ಕಥೆ. ಅರ್ಮಾಂ ದೆಪೆರ್ದುಸ್ಸಾಂ ಎಂಬ ರೇಷ್ಮೆ ವ್ಯಾಪಾರಿ ಇದ್ದನಂತೆ. ವಿಮಾನ ಎಂಬುದು ಕೋಲು ಬಟ್ಟೆಯ ಗಾಳಿಪಟದಂತಿದ್ದ ಕಾಲ ಅದು. 1910ರ ಸುಮಾರಿಗೆ ಆತ ವಿಮಾನ ಕಾರ್ಖಾನೆ ತೆಗೆದ. ಲೂಯಿ ಬೆಶೆರೋ ಎಂಬ ಜಾಣ ಇಂಜಿನಿಯರನನ್ನು ಇಟ್ಟುಕೊಂಡ. ಬೆಶೆರೋ ಮಾಡಿದ ವಿಮಾನದ ಒಡಲು ತೆಳುವಾದ ಮರದ ಪದರಗಳನ್ನು ಅಚ್ಚಿನ ಮೇಲೆ ಅಂಟಿಸಿ ಮಾಡಿದ್ದು. ಒಳಗೆ ತೊಲೆ ಜಂತಿ ಇಲ್ಲ, ಮೇಲಿನ ಚಿಪ್ಪೇ ಭಾರ ಹೊರುತ್ತದೆ. ತೆಂಗಿನ ಚಿಪ್ಪು ಹೇಗೋ ಹಾಗೆ. ಅದರಿಂದ ಹಗುರ, ಅದರಿಂದ ವೇಗ. 1912ರಲ್ಲಿ ಶಿಕಾಗೋದಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯವನ್ನು ಆ ವಿಮಾನ ಗೆದ್ದಿತು. ಮರುವರ್ಷ ರೀಮ್ಸ್ ನಗರದಲ್ಲಿ ಮೋರಿಸ್ ಪ್ರೆವೋ ಎಂಬಾತ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಹಾರಿ ಮತ್ತೆ ಗೆದ್ದ.

“ಸೌಕಾರ ಭಾರೀ ಹಿಗ್ಗಿರಬೇಕು” ಎಂದರು ನಮ್ಮ ಮನೆಯವರು.

ಇಲ್ಲವಂತೆ. ಆ ಗೆಲುವು ಸೆಪ್ಟೆಂಬರಿನಲ್ಲಿ. ಸೌಕಾರನನ್ನು ಆಗಸ್ಟಿನಲ್ಲೇ ಪೊಲೀಸರು ಹಿಡಿದಿದ್ದರು. ಸುಳ್ಳು ಕಾಗದಗಳ ಆಧಾರದ ಮೇಲೆ ಬ್ಯಾಂಕಿನಿಂದ ಸಾಲ ಎತ್ತಿ ಕಾರ್ಖಾನೆ ನಡೆಸಿದ್ದನೆಂಬ ಆರೋಪ. ಕಂಪನಿ ದಿವಾಳಿ. 1914ರಲ್ಲಿ ಲೂಯಿ ಬ್ಲೆರಿಯೋ ಮತ್ತಿತರರು ಅದನ್ನು ಕೊಂಡರು. ಕಂಪನಿಯ ಹೆಸರಿನ ಮೊದಲಕ್ಷರಗಳು ‘ಸ್ಪಾಡ್’. ಅದನ್ನು ಹಾಗೇ ಉಳಿಸಿಕೊಂಡು, ಒಳಗಿದ್ದ ಆತನ ಹೆಸರನ್ನು ಮಾತ್ರ ತೆಗೆದು, ಅದೇ ಅಕ್ಷರಗಳಿಗೆ ಹೊಂದುವ ಬೇರೆ ಹೆಸರು ಕೂಡಿಸಿದರು. ಮೊದಲ ಮಹಾಯುದ್ಧದಲ್ಲಿ ಸ್ಪಾಡ್ ವಿಮಾನಗಳು ಜಗತ್ಪ್ರಸಿದ್ಧವಾದವು. ಆತ 1924ರಲ್ಲಿ ತಾನೇ ತನ್ನ ಪ್ರಾಣ ಕಳೆದುಕೊಂಡ.

ಮಲಗಿದ್ದಾರೆಂದುಕೊಂಡಿದ್ದ ಅವ್ವ ಕೆಳಗಿನ ಬರ್ತಿನಿಂದ, “ಎಷ್ಟು ರೇಷ್ಮೆ ಹುಳ ಕುದಿಸಿದ್ದನೋ” ಎಂದರು. ನಾವು ನಗಬೇಕೋ ಬೇಡವೋ ತಿಳಿಯದೆ ಸುಮ್ಮನಾದೆವು.

ನಮ್ಮ ಸೊಲ್ಲಾಪುರದವರ ಕಥೆ ಅಂಥದ್ದಲ್ಲ. ಆದರೆ ಹೆಸರು ಕಳೆದುಹೋದ ಮಟ್ಟಿಗೆ ಹೋಲಿಕೆ ಇದೆ. ಓದುಗರಿಗೆ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲೇ ಇದು ಮರೆತುಹೋಗಿದೆ.

ವಾಲ್‌ಚಂದ್ ಹೀರಾಚಂದ್ ದೋಶಿ ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತಿನ ವಾಂಕಾನೇರ್ ಕಡೆಯಿಂದ ಬಂದು ನೆಲೆಸಿದ ದಿಗಂಬರ ಜೈನ ಮನೆತನ. ಮನೆಯ ಕಸುಬು ಹತ್ತಿ, ಲೇವಾದೇವಿ. ಕಾಲೇಜು ಓದು ಅರ್ಧಕ್ಕೆ ನಿಂತಿತು. ಮನೆಯ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ. ಲಕ್ಷ್ಮಣರಾವ್ ಫಾಟಕ್ ಎಂಬ ರೈಲ್ವೆ ಗುಮಾಸ್ತರಾಗಿದ್ದವರ ಜೊತೆ ಸೇರಿ ರೈಲ್ವೆ ಕಂತ್ರಾಟು ಹಿಡಿದರು. ಮುಂದೆ ಭೋರ್ ಘಾಟಿನ ಸುರಂಗಗಳವರೆಗೆ ಆ ಕೆಲಸ ಬೆಳೆಯಿತು. 1919ರಲ್ಲಿ ಸಿಂಧಿಯಾ ಹಡಗು ಕಂಪನಿ. ಅದರ ‘ಲಾಯಲ್ಟಿ’ ಎಂಬ ಹಡಗು ಆ ವರ್ಷದ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ನಮ್ಮ ದೇಶ ಇಂದಿಗೂ ರಾಷ್ಟ್ರೀಯ ಸಮುದ್ರಯಾನ ದಿನವೆಂದು ಆಚರಿಸುತ್ತದೆ. ಸಾಂಗ್ಲಿಯಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಇದೆ, ನಮ್ಮ ಬೆಳಗಾವಿ ಕಡೆಯ ಎಷ್ಟೋ ಹುಡುಗರು ಅಲ್ಲಿ ಓದಿದ್ದಾರೆ.

1939ರ ಅಕ್ಟೋಬರಿನಲ್ಲಿ ವಾಲ್‌ಚಂದ್ ಅಮೆರಿಕದಿಂದ ಹಿಂದಿರುಗುತ್ತಿದ್ದರು. ಹೋದದ್ದು ಮೋಟಾರು ಕಾರು ತಯಾರಿಕೆಯ ಮಾತುಕತೆಗೆ. ಹಾಂಗ್‌ಕಾಂಗ್ ಕಡೆಗಿನ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಸಹಪ್ರಯಾಣಿಕನಾಗಿ ಸಿಕ್ಕ. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಜಪಾನಿನ ದಾಳಿಯಿಂದ ಅದನ್ನು ಊರಿಂದ ಊರಿಗೆ ಸಾಗಿಸುತ್ತ ಕಷ್ಟದಲ್ಲಿದ್ದ. ಚೀನಾದಲ್ಲಿ ಮಾಡಬಹುದಾದದ್ದನ್ನು ಭಾರತದಲ್ಲಿ ಯಾಕೆ ಮಾಡಬಾರದು? ಇಷ್ಟೇ ಮಾತು. ಕಾರಿಗೆಂದು ಹೋದವರು ವಿಮಾನ ತಲೆಯಲ್ಲಿಟ್ಟುಕೊಂಡು ಬಂದರು.

ಬ್ರಿಟಿಷ್ ಸರ್ಕಾರ ಮೊದಲು ಕಿವಿಗೊಡಲಿಲ್ಲ. ಭಾರತದವರು ವಿಮಾನ ಮಾಡುವುದು ಅವರಿಗೆ ಬೇಕಿರಲಿಲ್ಲ. ಅವರ ಮನಸ್ಸು ಬದಲಾದದ್ದು 1940ರ ಜೂನಿನಲ್ಲಿ ಫ್ರಾನ್ಸು ಬಿದ್ದ ಮೇಲೆ. ಇಂಗ್ಲೆಂಡಿನಿಂದ ಇಲ್ಲಿಗೆ ವಿಮಾನ ಬರುವುದು ಕಷ್ಟವಾಯಿತು, ಅವಶ್ಯಕತೆಯೋ ಹೆಚ್ಚಿತು. ಇನ್ನು ಜಾಗದ ಪ್ರಶ್ನೆ. ಮೈಸೂರಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಪೂರ್ವಕ್ಕೆ 700 ಎಕರೆ ಜಮೀನು ಕೊಡುತ್ತೇವೆ, 25 ಲಕ್ಷ ರೂಪಾಯಿ ಬಂಡವಾಳ ಹಾಕುತ್ತೇವೆ ಎಂದರು. ಶಿವನಸಮುದ್ರದ ವಿದ್ಯುತ್ತು ಇತ್ತು, ಭದ್ರಾವತಿಯ ಉಕ್ಕು ಇತ್ತು, ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳಿದ್ದರು, ಸಮುದ್ರದಿಂದ ದೂರ, ಹವೆ ಹಿತ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಮರುವರ್ಷ ಭಾರತ ಸರ್ಕಾರವೂ ಪಾಲುದಾರನಾಯಿತು. ಪಾಲಿಯ ಜೊತೆ ಅಮೆರಿಕದ ಇಂಜಿನಿಯರುಗಳು ಬಂದರು.

ನೋಂದಣಿಯಾದ ಎಂಟು ತಿಂಗಳಿಗೆ, 1941ರ ಆಗಸ್ಟಿನಲ್ಲಿ, ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ಜೋಡಣೆಯಾಗಿ ಹಾರಿತು. ಭಾಗಗಳು ಅಮೆರಿಕದವೇ, ನಿಜ. ಆದರೂ ಯೋಚಿಸಿ ನೋಡಿ. ನಮ್ಮ ಕಡೆ ಒಂದು ಕಲ್ಯಾಣ ಮಂಟಪ ಕಟ್ಟಲು ನಾಲ್ಕು ವರ್ಷ ಬೇಕಾಗುತ್ತದೆ. 1942ರ ಜುಲೈನಲ್ಲಿ ಕರ್ಟಿಸ್ ಹಾಕ್ ಎಂಬ ಕಾಳಗದ ವಿಮಾನವೂ ಹಾರಿತು. ಇದಲ್ಲದೆ ವಲ್ಟೀ ಎಂಬ ಬಾಂಬರ್ ಜೋಡಿಸುವ ಯೋಜನೆ ಇತ್ತು.  

ಆದರೆ ಆ ಹಾಕ್ ಹಾರುವ ಹೊತ್ತಿಗೆ ವಾಲ್‌ಚಂದ್ ಅಲ್ಲಿ ಇರಲಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಬಿತ್ತು, ಮಾರ್ಚಿಯಲ್ಲಿ ರಂಗೂನು ಬಿತ್ತು, ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೇ ಬಾಂಬು ಬಿತ್ತು. ಇಂಥ ಕಾಲದಲ್ಲಿ ಯುದ್ಧವಿಮಾನದ ಕಾರ್ಖಾನೆ ಖಾಸಗಿಯವರ ಕೈಯಲ್ಲಿರುವುದು ಸರ್ಕಾರಕ್ಕೆ ಒಪ್ಪಿಗೆಯಾಗಲಿಲ್ಲ. ಅದೇ ಏಪ್ರಿಲಿನಲ್ಲಿ ವಾಲ್‌ಚಂದ್ ಮತ್ತು ಅವರ ಜೊತೆಗಾರರ ಷೇರುಗಳನ್ನು ಕೊಂಡುಕೊಂಡಿತು. ಮೈಸೂರು ಸಂಸ್ಥಾನ ಪಾಲು ಉಳಿಸಿಕೊಂಡಿತು, ಆಡಳಿತದಿಂದ ಹಿಂದೆ ಸರಿಯಿತು. ಹುಟ್ಟಿ ಹದಿನಾರು ತಿಂಗಳು ತುಂಬುವ ಮೊದಲೇ ಕೂಸು ಬೇರೆಯವರ ಮಡಿಲಿಗೆ ಹೋಯಿತು. ದುಡ್ಡು ಕೊಟ್ಟರು, ಮೋಸವಾಗಲಿಲ್ಲ. ಆದರೆ ಬೀಜ ಬಿತ್ತಿದವನಿಗೆ ದುಡ್ಡು ಕೊಟ್ಟು ಹೊಲದಿಂದ ಕಳಿಸಿದರೆ ಅವನಿಗೆ ಹೇಗಾಗುತ್ತದೆ ಎಂಬುದು ನಮ್ಮ ರೈತರಿಗೆ ಗೊತ್ತು.

ಅವರ ಹಡಗುಕಟ್ಟೆಯ ಕಥೆಯೂ ಹಾಗೆಯೇ. ವಿಶಾಖಪಟ್ಟಣದಲ್ಲಿ 1941ರಲ್ಲಿ ರಾಜೇಂದ್ರ ಪ್ರಸಾದರು ಅದಕ್ಕೆ ಅಡಿಗಲ್ಲಿಟ್ಟರು, 1948ರಲ್ಲಿ ‘ಜಲ ಉಷಾ’ ಹಡಗನ್ನು ನೆಹರೂ ನೀರಿಗೆ ಬಿಟ್ಟರು, 1952ರಲ್ಲಿ ಅದೂ ಸರ್ಕಾರದ ಕೈ ಸೇರಿತು. ಮೋಟಾರು ಕಾರು ಮಾತ್ರ ಉಳಿಯಿತು. ನಮ್ಮ ಊರಿನ ಸೌಕಾರರೊಬ್ಬರ ಬಳಿ ಇದ್ದ, ನಾವೆಲ್ಲ ‘ಫಿಯಟ್’ ಎನ್ನುತ್ತಿದ್ದ ಪದ್ಮಿನಿ ಕಾರು ಅವರ ಪ್ರೀಮಿಯರ್ ಕಂಪನಿಯದೇ. 1953ರ ಏಪ್ರಿಲ್ 8ರಂದು ವಾಲ್‌ಚಂದ್ ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು.

ಬೆಳಗಿನ ಜಾವ ರೈಲು ಯಲಹಂಕ ದಾಟಿತು. ಈಗಿನ ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿದೆ ಎಂದು ಮಗ ಹೇಳಿದಾಗ ಅವ್ವ, “ದೇವನಕೊಂಡದಿಂದ ದೇವನಹಳ್ಳಿಗೆ ಬಂದಂಗಾತು” ಎಂದು ಮೊದಲ ಬಾರಿ ನಕ್ಕರು. 2008ರ ಮೇ 24ರಂದು ಪ್ರಯಾಣಿಕರ ವಿಮಾನಗಳೆಲ್ಲ ಅಲ್ಲಿಗೆ ಹೋದವು. ಅದಕ್ಕೆ ಮೊದಲು ಬೆಂಗಳೂರಿಗೆ ಬರುವ ವಿಮಾನಗಳು ಇಳಿಯುತ್ತಿದ್ದದ್ದು ಕಾರ್ಖಾನೆಯ ಹಳೆಯ ನಿಲ್ದಾಣದಲ್ಲೇ.

ಬಸವನಗುಡಿಯ ಬೀಗರ ಮನೆಯಲ್ಲಿ ಸ್ನಾನ, ದರ್ಶನ, ತಿಂಡಿ ಮುಗಿಸಿ, ಮೆಜೆಸ್ಟಿಕ್ಕಿನಿಂದ ಮಾರತಹಳ್ಳಿ ಕಡೆಯ ಬಸ್ಸು ಹಿಡಿದೆವು. ಬೆಂಗಳೂರಿನ ವಾಹನ ದಟ್ಟಣೆಯ ಬಗ್ಗೆ ಬರೆದು ಓದುಗರನ್ನು ಬೇಸರಪಡಿಸುವುದಿಲ್ಲ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಎಚ್‌ಎಎಲ್‌ನವರ ವಸ್ತುಸಂಗ್ರಹಾಲಯ ಇದೆ, 2001ರಲ್ಲಿ ತೆರೆದದ್ದು. ಮರಗಿಡಗಳಿರುವ ಶಾಂತ ಜಾಗ. ಒಳಗೆ 1940ರಿಂದ ಮೊದಲುಗೊಂಡು ಕಾರ್ಖಾನೆಯ ಇತಿಹಾಸದ ಚಿತ್ರಗಳು. ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಮಕ್ಕಳಿಗೂ ತಿಳಿಯುವಂತೆ ಇಟ್ಟಿದ್ದಾರೆ. ಹೊರಗೆ ಬಯಲಿನಲ್ಲಿ ನಿಜವಾದ ವಿಮಾನಗಳು ನಿಂತಿವೆ.

ಯುದ್ಧಕಾಲದ ಚಿತ್ರಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಬಿಟ್ಟುಕೊಡಲಾಯಿತು. ಯುದ್ಧ ಮುಗಿಯುವ ತನಕ ಅಲ್ಲಿ ನಡೆದದ್ದು ಹೊಸ ವಿಮಾನ ಕಟ್ಟುವ ಕೆಲಸವಲ್ಲ, ದುರಸ್ತಿ. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಕಾರ್ಖಾನೆಗೆ ಬರುತ್ತಿದ್ದವಂತೆ. ಈಗ ಅದೇ ಕೆರೆ ನೊರೆಗೂ ಬೆಂಕಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಸಾವಿರಾರು ಜನ ನಮ್ಮ ಹುಡುಗರು ರಿವೆಟ್ ಹೊಡೆಯುವುದು, ತಗಡು ಬಗ್ಗಿಸುವುದು ಕಲಿತದ್ದು ಆ ದುರಸ್ತಿಯಲ್ಲೇ. ಯುದ್ಧ ಮುಗಿದ ಮೇಲೆ ಕೆಲಸ ಕಡಿಮೆಯಾದಾಗ ಅದೇ ಕೈಗಳು ರೈಲಿನ ಬೋಗಿಗಳನ್ನೂ ಬಸ್ಸುಗಳ ಒಡಲನ್ನೂ ಕಟ್ಟಿದವು. ಬೋಗಿಯ ಆ ವಿಭಾಗವೇ ಮುಂದೆ ಬಿಇಎಂಎಲ್ ಕಾರ್ಖಾನೆಗೆ ಸೇರಿತು.

ಕಾರ್ಖಾನೆಯಲ್ಲಿ ಮೊದಲಿಗೆ ಸೇರಿದ ಭಾರತೀಯ ವಿಮಾನ ಇಂಜಿನಿಯರ್ ಡಾ. ವಿ. ಎಂ. ಘಾಟಗೆ. ಕೊಲ್ಲಾಪುರದ ಕಡೆಯವರು, ಜರ್ಮನಿಯ ಗಟಿಂಗನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾವಿಜ್ಞಾನಿಯ ಶಿಷ್ಯರು. ಅವರು ರೂಪಿಸಿದ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಅದು ನಮ್ಮವರೇ ಬರೆದ ನಕ್ಷೆ. ಬಯಲಿನಲ್ಲಿ ಅದನ್ನು ಕಂಡ ಮಗ ರೆಕ್ಕೆಯ ಕೆಳಗೆ ಬಗ್ಗಿ ರಿವೆಟಿನ ಸಾಲು ಎಣಿಸತೊಡಗಿದ. ಸಂಗಡಿಗರ ಮನೆಯ ಮದುವೆಯಲ್ಲೂ ಇಷ್ಟು ಕುತೂಹಲದಿಂದ ಅವನು ಸುತ್ತಾಡಿದ್ದನ್ನು ನಾವು ಕಂಡಿಲ್ಲ.

ಸ್ವಲ್ಪ ಮುಂದೆ ಚೂಪು ಮೂತಿಯ ಮರುತ್. ಕರ್ಟ್ ಟ್ಯಾಂಕ್ ಎಂಬ ಜರ್ಮನ್ ಇಂಜಿನಿಯರನ ಮುಂದಾಳತ್ವದಲ್ಲಿ ಇಲ್ಲೇ ಹುಟ್ಟಿದ ಜೆಟ್ ಯುದ್ಧವಿಮಾನ, 1961ರ ಜೂನ್ 17ರಂದು ಮೊದಲು ಹಾರಿದ್ದು. ಎಲ್ಲ ಸೇರಿ 147 ಕಟ್ಟಿದರು. ಅವ್ವ ಅದರ ಮುಂದೆ ನಿಂತು, “ಇದು?” ಎಂದರು.

“ಯುದ್ಧದ್ದಜ್ಜಿ.”

ಅವ್ವ ಏನೂ ಹೇಳದೆ ನೆರಳಿನ ಬೆಂಚಿಗೆ ಹೋಗಿ ಕುಳಿತರು. ನಾವೂ ಹೋಗಿ ಕುಳಿತೆವು.

ಅವ್ವ ಶಾಲೆ ಓದಿದ್ದು ಕಡಿಮೆ, ಸ್ವಾಧ್ಯಾಯ ಮಾಡಿದ್ದು ಹೆಚ್ಚು. ಹಿಂಸೆಯಲ್ಲಿ ನಾಲ್ಕು ಬಗೆ: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ತಿ ಬಿಡಬೇಕು. ಅಡಿಗೆ ಮನೆಗೆಲಸದಲ್ಲಿ, ಕಸುಬಿನಲ್ಲಿ, ಆತ್ಮರಕ್ಷಣೆಯಲ್ಲಿ ಆಗುವುದನ್ನು ಆದಷ್ಟು ಕಡಿಮೆ ಮಾಡಬೇಕು. ಇದು ಅವರಿಗೆ ಬಾಯಿಪಾಠ. ನಾವು ನಮ್ಮ ವಾದ ಹೂಡಿದೆವು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ಸೇನಾಪತಿ ಅಲ್ಲವೆ? ದೇಶ ಕಾಯುವುದು ವಿರೋಧೀ ಹಿಂಸೆಯಾಯಿತು. ವಾಲ್‌ಚಂದರೂ ನಮ್ಮವರೇ, ಅವರಿಗೆ ಗೊತ್ತಿರಲಿಲ್ಲವೆ?

“ಚಾವುಂಡರಾಯ ನಿಲ್ಲಿಸಿದ್ದು ಯಾರನ್ನ?” ಎಂದು ಅವ್ವ ತಿರುಗಿ ಕೇಳಿದರು. “ಸೈನ್ಯ ಬ್ಯಾಡ, ನಾವಿಬ್ಬರೇ ನೋಡಿಕೊಳ್ಳೋಣ ಅಂತ ಅಣ್ಣನ ಜೊತಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿ, ಗೆದ್ದ ಮ್ಯಾಲೆ ಬಿಟ್ಟು ಹೋದವನ್ನ.”

ನಮಗೆ ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ.

ಮಾತು ಬದಲಿಸಲು ನಮ್ಮ ಮನೆಯವರು, “ರೈತರಿಗೂ ಒಂದು ವಿಮಾನ ಮಾಡಿದ್ದರಂತೆ” ಎಂದರು. ಹೌದು, ಬಸಂತ್ ಎಂಬುದು, 1972ರಲ್ಲಿ ಹಾರಿದ್ದು, 39 ಕಟ್ಟಿ ನಿಲ್ಲಿಸಿದರು. ಅವ್ವನ ಮುಖ ಅರಳಿತು. “ಏನು ಮಾಡ್ತಿತ್ತದು ಹೊಲದಾಗ?” ಮಗ ಪಾಪ, ಇದ್ದದ್ದನ್ನು ಹೇಳಿದ: “ಹುಳಕ್ಕೆ ಎಣ್ಣೆ ಹೊಡೀತಿತ್ತಜ್ಜಿ.” ನಮ್ಮ ಕಡೆ ಹತ್ತಿಗೆ ಹೊಡೆಯುವ ಔಷಧಿಗೆ ಎಣ್ಣೆ ಎನ್ನುವುದು ರೂಢಿ. ಅವ್ವ ಹಣೆ ಬಡಿದುಕೊಂಡರು. ಬಾಂಬಿನ ವಿಮಾನವೇ ವಾಸಿ, ಅದರ ಲೆಕ್ಕಕ್ಕಾದರೂ ಕೊನೆ ಇರುತ್ತದೆ ಎಂದು ಗೊಣಗಿಕೊಂಡರು. ಸುತ್ತಲಿದ್ದವರೂ ನಕ್ಕರು.

ಅಷ್ಟರಲ್ಲಿ ಪಕ್ಕದ ನಿಲ್ದಾಣದಿಂದ ದಡದಡ ಸದ್ದು ಮಾಡುತ್ತ ಒಂದು ಹೆಲಿಕಾಪ್ಟರ್ ಎದ್ದು ಮರಗಳ ಮೇಲೆ ಬಂತು. ಅಲ್ಲಿದ್ದ ಕಾವಲಿನವರು ತಲೆ ಎತ್ತಿ ನೋಡಿ, “ಚೇತಕ್” ಎಂದರು. ರಾಣಾ ಪ್ರತಾಪನ ಕುದುರೆಯ ಹೆಸರು, ಮೂಲ ಮಾತ್ರ ಫ್ರಾನ್ಸಿನದು. ಸೂದ್ ಆವಿಯಾಸಿಯೋಂ ಎಂಬ ಕಂಪನಿಯ ‘ಅಲುಯೆತ್’ ಹೆಲಿಕಾಪ್ಟರ್. ಫ್ರೆಂಚಿನಲ್ಲಿ ಆ ಮಾತಿಗೆ ಬಾನಾಡಿ ಹಕ್ಕಿ ಎಂದು ಅರ್ಥ. 1962ರಲ್ಲಿ ಒಪ್ಪಂದವಾಗಿ, 1965ರಿಂದ ಇಲ್ಲಿ ತಯಾರಾಯಿತು. ಆ ಫ್ರೆಂಚ್ ಕಂಪನಿ 1970ರಲ್ಲೇ ಬೇರೆ ಕಂಪನಿಗಳೊಡನೆ ಕೂಡಿಹೋಗಿ ಹೆಸರು ಕಳೆದುಕೊಂಡಿತು. ಇಲ್ಲಿ ಕಟ್ಟಿದ ಚೇತಕ್‌ಗಳು 300 ಮೀರಿದವು.

ಅವ್ವ ಸದ್ದು ಅಡಗುವವರೆಗೂ ಆಕಾಶವನ್ನೇ ನೋಡುತ್ತಿದ್ದರು. ಅವರು ನೋಡುತ್ತಿದ್ದದ್ದು ಬೆಂಗಳೂರಿನ ಆಕಾಶವಲ್ಲ ಎಂದು ನಮಗೆ ಆಮೇಲೆ ತಿಳಿಯಿತು.

2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ನಗರ ಮುಳುಗಿದ್ದು ಓದುಗರಿಗೆ ನೆನಪಿರಬಹುದು. ಮಂತ್ರಾಲಯಕ್ಕೂ ನೀರು ನುಗ್ಗಿತ್ತು. ಆಗ ನಮ್ಮ ಚಿಕ್ಕಮ್ಮ, ಅಂದರೆ ಅವ್ವನ ತಂಗಿ, ಕರ್ನೂಲಿನಲ್ಲಿದ್ದರು. ಮನೆಯ ಮಾಳಿಗೆಯ ಮೇಲೆ ಎಂಟು ಜನ, ಎರಡು ದಿನ. ಸುತ್ತ ಕೆಂಪು ನೀರು, ಕುಡಿಯಲು ಹನಿ ಇಲ್ಲ. ಎರಡನೆಯ ದಿನ ಸಂಜೆಗತ್ತಲಾಗುವ ಹೊತ್ತಿಗೆ ಹೆಲಿಕಾಪ್ಟರ್ ಬಂದು ಪೊಟ್ಟಣಗಳನ್ನೂ ನೀರಿನ ಪ್ಯಾಕೆಟ್ಟುಗಳನ್ನೂ ಹಾಕಿ ಹೋಯಿತು. ಪೊಟ್ಟಣದಲ್ಲಿ ಪುಳಿಹೋರ ಅನ್ನ. ಮಕ್ಕಳಿಗೆ ಆಗಲೇ ತಿನ್ನಿಸಿದರು. ಚಿಕ್ಕಮ್ಮ ಮಾತ್ರ ಸೂರ್ಯ ಮುಳುಗಿದನೆಂದು ತಮ್ಮ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ರಾತ್ರಿಯೆಲ್ಲ ಕುಳಿತು, ಬೆಳಿಗ್ಗೆ ಣಮೋಕಾರ ಹೇಳಿ ತಿಂದರು. ಈ ಸಂಗತಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಚಿಕ್ಕಮ್ಮ ತೀರಿಕೊಂಡು ಈಗ ಕೆಲವು ವರ್ಷಗಳಾದವು.

“ಅವತ್ತು ಬಂದದ್ದು ಇದೇ ಏನು?” ಎಂದು ಅವ್ವ ಮೊಮ್ಮಗನನ್ನು ಕೇಳಿದರು.

“ಇದೇನೋ, ಬೇರೇದೋ, ನಂಗೆ ಗೊತ್ತಿಲ್ಲಜ್ಜಿ. ಇಂಥದ್ದೇ ಇರಬೇಕು.”

“ಇದರ ಮೊಳೆ ಯಾರು ಬಡೀತಾರೆ?”

“ಯಾರೋ ಒಬ್ಬ ಫಿಟ್ಟರ್.”

ಮತ್ತೆ ಆ ವಿಷಯ ಅವ್ವ ಎತ್ತಲಿಲ್ಲ. ಸಂಜೆ ಐದರೊಳಗೆ ಬೀಗರ ಮನೆ ಮುಟ್ಟಿ ಊಟ ಮಾಡಿದೆವು. ಹೋಗಬೇಕೆನ್ನುವವರಿಗೆ ನಮ್ಮ ಸಲಹೆ ಇಷ್ಟೆ: ಬೆಳಿಗ್ಗೆ ಬೇಗ ಹೊರಡಿ, ನೀರು ಬುತ್ತಿ ಮನೆಯಿಂದಲೇ ಒಯ್ಯಿರಿ, ರಜೆಯ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಅರ್ಧ ದಿನವಾದರೂ ಇಟ್ಟುಕೊಳ್ಳಿ, ಅವರು ವಿಮಾನದ ಕೆಳಗಿಂದ ಬೇಗ ಹೊರಬರುವುದಿಲ್ಲ.

ಮಾರನೆಯ ದಿನ ಮಗನನ್ನು ಪೀಣ್ಯದ ಹತ್ತಿರ ನಾಲ್ಕು ಜನ ಹುಡುಗರಿದ್ದ ಒಂದು ಕೋಣೆಯಲ್ಲಿ ಬಿಟ್ಟೆವು. ಅವ್ವ ತಮ್ಮ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದುಕೊಟ್ಟರು, ಒಳಗೆ ಶೇಂಗಾ ಉಂಡೆ. ಆಮೇಲೆ ನಾಲ್ಕು ಮಡಿಕೆ ಮಾಡಿದ ಬಿಳಿ ಖಾದಿ ಬಟ್ಟೆ, ನೀರು ಸೋಸಲು. ಅದನ್ನು ದೇವನಕೊಂಡದಿಂದಲೇ ಹೊಲಿದು ತಂದಿದ್ದರು. ಅಂದರೆ ಹೊರಡುವಾಗಲೇ ಅವರ ಮನಸ್ಸಿನಲ್ಲಿ ಏನಿತ್ತೋ ನಮಗೆ ತಿಳಿಯದು, ಕೇಳುವ ಧೈರ್ಯವೂ ಆಗಲಿಲ್ಲ.

“ತಿಂಗಳಿಗೊಮ್ಮೆ ಫೋನು ಮಾಡಿ ಯಾವ ಭಾಗ ಮಾಡಿದಿ, ಅದು ಯಾವ ವಿಮಾನಕ್ಕ ಹೋಗ್ತತಿ ಅಂತ ನನಗ ಹೇಳ್ಬೇಕು” ಎಂದರು.

ಮೊದಲ ತಿಂಗಳು ಅವನ ಫೋನು ಬಂದಾಗ ನಾವು ಅಂಗಡಿಯಲ್ಲಿದ್ದೆವು. ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಬುಷ್ ಮಾಡುತ್ತಿದ್ದಾನಂತೆ, ದಿನಕ್ಕೆ ನಲವತ್ತು. ಕೂದಲಿನ ಎಳೆಯಷ್ಟು ವ್ಯತ್ಯಾಸವಾದರೂ ತೆಗೆದು ಎಸೆಯುತ್ತಾರಂತೆ. ಎಲ್ಲಿಗೆ ಹೋಗುತ್ತದೆ ಎಂದರೆ ಅವನಿಗೂ ಗೊತ್ತಿಲ್ಲ, ಪೆಟ್ಟಿಗೆಯ ಮೇಲೆ ಬರೀ ನಂಬರು ಇರುತ್ತದಂತೆ.

ಫೋನನ್ನು ಅವ್ವನ ಕೈಗೆ ಕೊಟ್ಟೆವು. ಅವರು ಪೂರ್ತಿ ಕೇಳಿಸಿಕೊಂಡು, “ಕೇಳಿ ಹೇಳು” ಎಂದರು.